ಅಂಚೆಯಲ್ಲಿ ಬಂದ ದೀಕ್ಷಾಸ್ನಾನ

ಕ್ಷೌರದಂಗಡಿಯ ಕುರ್ಚಿಯಲ್ಲಿ ನನಗೊಂದು ಕೆಟ್ಟ ಅಭ್ಯಾಸವಿದೆ. ಗಡ್ಡಕ್ಕೆ ನೊರೆ ಹಚ್ಚಿದ ಮೇಲೆ ರಂಗಪ್ಪ ನನ್ನ ಹಿಂದೆ ಬಂದು ನಿಂತು, ಕುತ್ತಿಗೆಯ ಕೆಳಗೆ ಒಂದು ಕೈ ಕೊಟ್ಟು ತಲೆಯನ್ನು ಹಿಂದಕ್ಕೆ ಒರಗಿಸಲು ನೋಡುತ್ತಾನೆ. ಆ ಕ್ಷಣಕ್ಕೆ ನನ್ನ ಕೈಗಳು ತಾವಾಗಿಯೇ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಕುತ್ತಿಗೆ ಕೊರಡಾಗುತ್ತದೆ. ಹಾಸನದಲ್ಲಿ ಅವನ ಅಂಗಡಿಗೆ ಹೋಗಲು ಶುರುಮಾಡಿದಾಗಿನಿಂದ ಇದು ಹೀಗೇ. ಅಂಗಡಿಯಲ್ಲಿ ಹೊಸಬರಿದ್ದರೆ ಅವನು ಛೇಡಿಸದೆ ಬಿಡುವುದಿಲ್ಲ.

"ನಮ್ ಮೇಷ್ಟ್ರಿಗೆ ಕತ್ತಿ ಕಂಡ್ರೆ ಭಯ ಇಲ್ಲ ಸಾ. ಸೂರು ನೋಡೋಕೆ ಭಯ" ಎನ್ನುತ್ತಾನೆ.

ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಬಿ.ಎ. ಓದಿದವನು, ಎತ್ತರದ ಆಳು, ಅರ್ಧ ಮುಖಕ್ಕೆ ನೊರೆ ಬಳಿದುಕೊಂಡು ಬೆದರಿದ ಎತ್ತಿನಂತೆ ಕುಳಿತಿದ್ದರೆ ಯಾರಿಗೆ ನಗು ಬರುವುದಿಲ್ಲ?

ಚಿಕ್ಕಂದಿನಲ್ಲಿ ನಾನು ಹೀಗಿರಲಿಲ್ಲ. ಚನ್ನರಾಯಪಟ್ಟಣದ ನಮ್ಮ ಮನೆಯ ಬಚ್ಚಲಲ್ಲಿ ಅಜ್ಜಿ ಎಣ್ಣೆನೀರು ಹಾಕುವಾಗ ನನ್ನನ್ನು ತನ್ನ ಎರಡು ಕಾಲುಗಳ ನಡುವೆ ಕೂರಿಸಿಕೊಂಡು, ಗಲ್ಲ ಹಿಡಿದು ಮುಖವನ್ನು ಮೇಲಕ್ಕೆತ್ತಿ, ಸೀಗೆಪುಡಿ ಕಣ್ಣಿಗೆ ಹೋಗದಂತೆ ಹಣೆಗೆ ಅಂಗೈ ಅಡ್ಡವಿಟ್ಟು ಹಂಡೆಯ ನೀರು ಹುಯ್ಯುತ್ತಿದ್ದಳು. ನೀರು ಬಿಸಿಯಾಗಿತ್ತೆಂದು ಕಿರುಚಿದ್ದೇನೆ, ಕಣ್ಣು ಉರಿಯಿತೆಂದು ಅತ್ತಿದ್ದೇನೆ. ಆದರೆ ಆ ಕೈ ಬಿಟ್ಟುಹೋಗಬಹುದು ಎಂಬ ಯೋಚನೆ ಒಂದು ದಿನವೂ ಬಂದಿರಲಿಲ್ಲ. ಕುತ್ತಿಗೆಯ ಕೆಳಗಿರುವ ಕೈ ಬಿಟ್ಟುಹೋಗಬಹುದು ಎಂದು ನನಗೆ ತಿಳಿದದ್ದು ಆಮೇಲೆ, ಹೊಳೆನರಸೀಪುರದಲ್ಲಿ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮೈಸೂರಿನಲ್ಲಿ ಓದು ಮುಗಿಸಿ ನಾನು ಹೊಳೆನರಸೀಪುರದ ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದಿದ್ದೆ. ತಿಮ್ಮಕ್ಕ ಎಂಬಾಕೆಯ ವಠಾರದಲ್ಲಿ ಒಂದು ಕೋಣೆ ನನ್ನದು. ಪಕ್ಕದ ಮನೆಯಲ್ಲಿ ಸಮುವೇಲಪ್ಪನವರು, ಅವರ ಹೆಂಡತಿ ಸುಗುಣಮ್ಮ. ಸಮುವೇಲಪ್ಪನವರು ಕಾಲುವೆ ಆಫೀಸಿನಲ್ಲಿ ಟ್ರೇಸರ್. ಇಂಜಿನಿಯರು ಪೆನ್ಸಿಲಿನಲ್ಲಿ ಎಳೆದ ನಕ್ಷೆಯ ಮೇಲೆ ತೆಳುವಾದ ಟ್ರೇಸಿಂಗ್ ಬಟ್ಟೆ ಹಾಸಿ, ಗೆರೆಯ ಮೇಲೆ ಗೆರೆ ಕೂರಿಸಿ ಶಾಯಿಯಲ್ಲಿ ತೆಗೆಯುವ ಕೆಲಸ. ಅವರ ನಕ್ಷೆ ನೋಡುವುದೇ ಒಂದು ಚಂದ. ಒಂದೊಂದು ಕಾಲುವೆಯ ಪಕ್ಕದಲ್ಲೂ ನೀರು ಯಾವ ಕಡೆಗೆ ಹರಿಯುತ್ತದೆ ಎಂದು ತೋರಿಸುವ ಪುಟ್ಟ ನೀಲಿ ಬಾಣ ಇರುತ್ತಿತ್ತು. ಬಾಣ ಬರೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು.

ಆ ಊರಿನಲ್ಲಿ ಕ್ರೈಸ್ತರ ಒಂದು ಸಣ್ಣ ಸಭೆಯಿತ್ತು. ಸಭೆ ಎಂದರೆ ಅವರ ಮಾತಿನಲ್ಲಿ ಕೂಡಿ ಪ್ರಾರ್ಥಿಸುವ ಮನೆಗಳ ಗುಂಪು. ಹೊಳೆನರಸೀಪುರದಲ್ಲಿ ಕೆಲವು ಮನೆ, ಅರಕಲಗೂಡು ಮಲ್ಲಿಪಟ್ಟಣದ ಕಡೆ ಕೆಲವು ಮನೆ. ಭಾನುವಾರ ಸಮುವೇಲಪ್ಪನವರೇ ಸತ್ಯವೇದ, ಅಂದರೆ ಬೈಬಲ್, ಓದಿ ನಾಲ್ಕು ಮಾತು ಹೇಳುತ್ತಿದ್ದರು. ಆದರೆ ಮದುವೆ ಮಾಡಿಸಲು, ದೀಕ್ಷಾಸ್ನಾನ ಕೊಡಲು, ಮಣ್ಣುಮಾಡಲು ಸಭೆಯ ಹಿರಿಯರಿಂದ ಅಭಿಷೇಕ ಪಡೆದ ಅಯ್ಯನವರೇ, ಅಂದರೆ ಪಾದ್ರಿಯೇ, ಬೇಕು. ಅಂಥವರು ಇದ್ದದ್ದು ಮೈಸೂರಿನಲ್ಲಿ.

ಸಮುವೇಲಪ್ಪನವರ ತಾಯಿ ಅರಕಲಗೂಡಿನಲ್ಲಿ ತೀರಿಕೊಂಡಾಗ ಮಳೆಗಾಲ. ಅಯ್ಯನವರಿಗೆ ತಂತಿ ಕೊಟ್ಟು ಕಾದರು. ಬಸ್ಸು ದಾರಿಯಲ್ಲೆಲ್ಲೋ ಕೆಟ್ಟು ನಿಂತಿತ್ತು. ಮಾರನೆಯ ದಿನವೂ ಯಾರೂ ಬರಲಿಲ್ಲ. ಹೆಣ ಇನ್ನು ಇಡುವ ಹಾಗಿಲ್ಲ ಎಂದಾಗ ಮಗನೇ ಗುಂಡಿಯ ಪಕ್ಕ ನಿಂತು ಪುಸ್ತಕ ನೋಡಿಕೊಂಡು ಓದಿದರಂತೆ.

"ಓದ್ತಾ ಓದ್ತಾ ಒಂದು ಪುಟ ಹಾರಿಸಿಬಿಟ್ಟೆ ಮೇಷ್ಟ್ರೇ" ಎಂದು ಒಮ್ಮೆ ನನಗೆ ಹೇಳಿದ್ದರು. "ಮನೆಗೆ ಬಂದ್ಮೇಲೆ ಗೊತ್ತಾಯ್ತು. ಪುನರುತ್ಥಾನದ ಪುಟ. ನಮ್ಮವ್ವನ್ನ ಎಬ್ಬಿಸೋ ಪುಟಾನೇ ನಾನು ಓದ್ಲಿಲ್ಲ."

ಆಮೇಲೆಯೇ ಅವರು ದೂರದ ಊರಿನ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದು. ಕೆಲಸದಲ್ಲಿ ಇದ್ದುಕೊಂಡೇ ಅಂಚೆಯಲ್ಲಿ ಪಾಠ ತರಿಸಿಕೊಂಡು ದೇವಶಾಸ್ತ್ರದ ಡಿಗ್ರಿ ಮಾಡಬಹುದಿತ್ತು. ಡಿಗ್ರಿ ಬಂದರೆ ಅಭಿಷೇಕ, ಅಭಿಷೇಕವಾದರೆ ಸಭೆಗೆ ತನ್ನದೇ ಅಯ್ಯನವರು. ಇನ್ನು ಯಾರ ತಾಯಿಯೂ ಬಸ್ಸಿಗಾಗಿ ಕಾಯಬೇಕಾಗಿರಲಿಲ್ಲ.

ಪಾಠಗಳೆಲ್ಲ ಇಂಗ್ಲಿಷಿನಲ್ಲಿ. ಹಾಗಾಗಿ ನಾನು ಈ ಕಥೆಯೊಳಕ್ಕೆ ಬಂದೆ. ಸಂಜೆ ಸ್ಕೂಲಿನಿಂದ ಬಂದು ಕಾಫಿ ಕುಡಿಯುವ ಹೊತ್ತಿಗೆ ಪಾಠದ ಹಾಳೆಗಳ ಕಟ್ಟು ಹಿಡಿದುಕೊಂಡು ಅವರು ಜಗುಲಿಗೆ ಬರುತ್ತಿದ್ದರು. ನನಗೆ ಅವರ ದೇವರೂ ಗೊತ್ತಿರಲಿಲ್ಲ, ನಮ್ಮ ದೇವರೂ ಅಷ್ಟಕ್ಕಷ್ಟೆ. ವಾಕ್ಯ ಬಿಡಿಸುವುದು ಗೊತ್ತಿತ್ತು. ಕ್ರಿಯಾಪದ ಎಲ್ಲಿದೆ ಎಂದು ತೋರಿಸಿದರೆ ದೇವರನ್ನು ಅವರೇ ಹುಡುಕಿಕೊಳ್ಳುತ್ತಿದ್ದರು. ಗ್ರೀಕ್ ಅಕ್ಷರ ಕಲಿಯಬೇಕಾಗಿ ಬಂದಾಗ ಮಾತ್ರ ನಾನು ಕೈ ಎತ್ತಿಬಿಟ್ಟೆ. ಅವರು ಸೈಕಲ್ ತುಳಿಯುತ್ತ ಆಲ್ಫಾ, ಬೀಟಾ ಎಂದು ಬಾಯಿಪಾಠ ಮಾಡುತ್ತ ಆಫೀಸಿಗೆ ಹೋಗುವುದನ್ನು ಕಂಡು ತಿಮ್ಮಕ್ಕ, "ಪಾಪ, ಆವಪ್ಪನ ತಲೆ ಕೆಡ್ತಾ ಅದೆ ಕಣ್ ಮೇಷ್ಟ್ರೇ" ಎಂದು ನನ್ನ ಬಳಿ ಗುಟ್ಟಾಗಿ ಹೇಳಿದ್ದಳು.

ಕೊನೆಯ ವರ್ಷ ಬಂದದ್ದು ಸಭಾಪಾಲಕನ ಕೆಲಸಗಳ ಪಾಠ. ಅದನ್ನು ಓದಿದರೆ ಸಾಲದು, ಮಾಡಿ ಕಲಿಯಬೇಕು. ಮಾಡಲು ಆಳು ಬೇಕಲ್ಲ? ನಾನಿದ್ದೆ. ಮದುವೆಯ ಪಾಠದಲ್ಲಿ ನಾನು ಹೆಣ್ಣು, ಕಂಬ ಗಂಡು. ಕಾಯಿಲೆಯವರನ್ನು ಮಾತನಾಡಿಸುವ ಪಾಠದಲ್ಲಿ ಚಾಪೆಯ ಮೇಲೆ ನರಳಿದೆ. ಶವಸಂಸ್ಕಾರದ ಪಾಠದಲ್ಲಿ ಹೊದಿಕೆ ಹೊದ್ದು ಜಗುಲಿಯ ಮೇಲೆ ನೆಟ್ಟಗೆ ಮಲಗಿದ್ದಾಗ ತಿಮ್ಮಕ್ಕ ಕಸಪೊರಕೆ ಹಿಡಿದು ಬಂದಳು.

"ಅದೇನ್ ಮೇಷ್ಟ್ರೇ, ಓದಿರೋರು ಇಂಗಾ ಮಾಡಾದು? ಬದುಕಿರೋರ್ನ ಆವಪ್ಪ ಮಣ್ಣಿಗಾಕ್ತಾ ಅವ್ನೆ, ನೀವು ಸುಮ್ನೆ ಬಿದ್ಕಂಡಿದೀರಲ್ಲ! ಏಳಿ ಮ್ಯಾಕೆ!"

ಹೊದಿಕೆಯೊಳಗಿಂದ ನನಗೆ ನಗು ತಡೆಯಲಾಗಲಿಲ್ಲ. ಒಳಗೆ ಅಡಿಗೆಮನೆಯಲ್ಲಿ ಸುಗುಣಮ್ಮ ನಗುತ್ತಿದ್ದುದೂ ಕೇಳಿಸಿತು. ಸಮುವೇಲಪ್ಪನವರು ನಗಲಿಲ್ಲ. ಪುಟ ಹಾರಿಸದೆ ಕೊನೆಯವರೆಗೆ ಓದಿ ಮುಗಿಸಿದರು.

ಇನ್ನು ಉಳಿದದ್ದು ದೀಕ್ಷಾಸ್ನಾನ, ನೀರಿನಿಂದ ಒಬ್ಬರನ್ನು ಸಭೆಗೆ ಸೇರಿಸಿಕೊಳ್ಳುವ ವಿಧಿ. ಹಾಸನದ ದೊಡ್ಡ ಇಗರ್ಜಿಯಲ್ಲಿ ಮಗುವಿನ ಹಣೆಗೆ ನೀರು ಚಿಮುಕಿಸಿದರೆ ಮುಗಿಯಿತು. ಸುಗುಣಮ್ಮ ಹಾಸನದವರು, ಹಾಗೆ ಚಿಮುಕಿಸಿಕೊಂಡವರು. ಸಮುವೇಲಪ್ಪನವರ ಸಭೆಯಲ್ಲಿ ಹಾಗಲ್ಲ. ವಯಸ್ಸಿಗೆ ಬಂದವರನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ಎತ್ತಬೇಕು. ಮದುವೆಯಾಗಿ ಇಷ್ಟು ವರ್ಷವಾದರೂ ಆಕೆ ಮುಳುಗಿರಲಿಲ್ಲ, ಹಾಗಾಗಿ ಗಂಡನ ಸಭೆಯಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚುವಾಗ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿರುತ್ತಿದ್ದರು. ಯಾರಾದರೂ ಕೇಳಿದರೆ, "ಇವರು ಪಾಸಾಗ್ಲಿ. ಮುಳುಗಿಸೋದಾದ್ರೆ ಇವರೇ ಮುಳುಗಿಸ್ಲಿ" ಎನ್ನುತ್ತಿದ್ದರು. ಹಾಡುವ ಹೆಂಗಸು ಆಕೆ. ಹಿಂದಿನ ಸಾಲಿನಿಂದ ಎದ್ದ ಅವರ ಧ್ವನಿ ಮುಂದಿನ ಸಾಲಿನವರನ್ನೆಲ್ಲ ಎಳೆದುಕೊಂಡು ಹೋಗುತ್ತಿತ್ತು.

ಪಾಠದೊಂದಿಗೆ ಒಂದು ಚಿತ್ರ ಬಂದಿತ್ತು. ಇಗರ್ಜಿಯೊಳಗಿನ ಸಿಮೆಂಟಿನ ತೊಟ್ಟಿ. ಸೊಂಟದ ಮಟ್ಟದ ನೀರಿನಲ್ಲಿ ಇಬ್ಬರು. ಬೋಧಕನ ಎಡಗೈ ಕುತ್ತಿಗೆಯ ಹಿಂದೆ, ಬಲಗೈ ಮೇಲಕ್ಕೆ. ಆಮೇಲೆ ಅದೇ ಬಲಗೈಯಲ್ಲಿ ಕರವಸ್ತ್ರ ಹಿಡಿದು ಮೂಗು ಮುಚ್ಚಿ, ದೀಕ್ಷೆ ಪಡೆಯುವವರನ್ನು ಬೆನ್ನಮೇಲಾಗಿ ಕೆಳಕ್ಕೆ ಇಳಿಸುವುದು. ನೋಡುವವರ ಬಲಗಡೆಗೆ ತಲೆ, ಎಡಗಡೆಗೆ ಕಾಲು. ಸಮುವೇಲಪ್ಪನವರು ಅದನ್ನು ದೊಡ್ಡದಾಗಿ ಟ್ರೇಸಿಂಗ್ ಬಟ್ಟೆಯ ಮೇಲೆ ಬರೆದು ಗೋಡೆಗೆ ಹೊಡೆದರು. ಬೋಧಕನ ಕರವಸ್ತ್ರದ ಅಂಚಿನ ಕಸೂತಿಯನ್ನೂ ಬಿಟ್ಟಿರಲಿಲ್ಲ.

ಜಗುಲಿಯ ಮೇಲೆ ನನ್ನನ್ನು ಮುಳುಗಿಸಿ ಅಭ್ಯಾಸ ಮಾಡಿದರು. ಸುಗುಣಮ್ಮ ಅಂಗಳದಲ್ಲಿ ನಿಂತು ಗೋಡೆಯ ಚಿತ್ರವನ್ನೂ ನಮ್ಮನ್ನೂ ತಾಳೆ ನೋಡುತ್ತಿದ್ದರು. "ಮೇಷ್ಟ್ರ ತಲೆ ಇನ್ನೂ ಬಲಕ್ಕೆ. ಹಾಂ, ಈಗ ಚಿತ್ರದ ಥರಾನೇ ಬಂತು." ಕಣ್ಣುಮುಚ್ಚಿ ಹಿಂದಕ್ಕೆ ಬಿದ್ದರೆ ಕುತ್ತಿಗೆಯ ಕೆಳಗೆ ಅವರ ಕೈ ಇರುತ್ತಿತ್ತು. ಗಟ್ಟಿಯಾದ, ಶಾಯಿ ವಾಸನೆಯ ಕೈ. ನನ್ನಂಥ ಆಳನ್ನೇ ಒಂದೇ ಸಲಕ್ಕೆ ಎತ್ತಿ ನಿಲ್ಲಿಸುತ್ತಿದ್ದರು. ಸುಗುಣಮ್ಮನದು ಇನ್ನೆಷ್ಟು ತೂಕ?

ಅಭಿಷೇಕ ಪಡೆದ ಅಯ್ಯನವರೊಬ್ಬರ ಎದುರಿನಲ್ಲಿ ಒಂದು ದೀಕ್ಷಾಸ್ನಾನ ಮಾಡಿ ತೋರಿಸಬೇಕು, ಅವರು ಸರಿಯಾಗಿದೆ ಎಂದು ಸಹಿ ಹಾಕಬೇಕು. ಅಷ್ಟಾದರೆ ಡಿಗ್ರಿ. ಮೈಸೂರಿನ ಅಯ್ಯನವರು ವಯಸ್ಸಾದವರು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ರೈಲಿನಲ್ಲಿ ಬಂದರು, ಸಂಜೆಯ ರೈಲಿಗೆ ವಾಪಸು ಹೋಗಬೇಕಿತ್ತು. ಹಿಂದಿನ ದಿನ ಮಲೆನಾಡಿನ ಕಡೆ ಮಳೆಯಾಗಿ ಹೇಮಾವತಿ ಚಹದ ಬಣ್ಣಕ್ಕೆ ತಿರುಗಿದ್ದಳು. ಅಯ್ಯನವರು ದಡದಲ್ಲಿ ನಿಂತು ನೋಡಿ, "ನಮ್ಮಲ್ಲಿ ತೊಟ್ಟಿ ಇದೆ, ಇಲ್ಲಿ ನೀವು ಪುಣ್ಯವಂತರು, ಹೊಳೆಯೇ ಇದೆ" ಎಂದರು. ಅದಕ್ಕಿಂತ ಹೆಚ್ಚು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಎಲ್ಲರೂ ಕಾಗದದಲ್ಲಿ ಕಲಿತವರು.

ಮಲ್ಲಿಪಟ್ಟಣದ ಹೆಂಗಸರು ಹೊಳೆ ಹರಿದುಹೋಗುವ ಕಡೆಗೆ, ಸ್ವಲ್ಪ ಕೆಳಗಿನ ದಡದಲ್ಲಿ ಒಂದು ಹಳೆಯ ಸೀರೆಯನ್ನು ಅಡ್ಡ ಹಿಡಿದು ನಿಂತಿದ್ದರು. ಮುಳುಗಿ ಬಂದವಳು ಅದರ ಮರೆಯಲ್ಲಿ ಬಟ್ಟೆ ಬದಲಾಯಿಸಲೆಂದು. ನನ್ನ ಕೈಯಲ್ಲಿ ಗೋಡೆಯಿಂದ ಬಿಚ್ಚಿ ತಂದ ಚಿತ್ರ. ಮರೆತರೆ ನೋಡಿಕೊಳ್ಳಲು ಎತ್ತಿ ಹಿಡಿದಿರಬೇಕೆಂದು ಸಮುವೇಲಪ್ಪನವರು ಹೇಳಿದ್ದರು. ಅವರಿಗೂ ಸುಗುಣಮ್ಮನಿಗೂ ಈಜು ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಸೊಂಟದ ಮಟ್ಟದ ನೀರಿಗೆ ಈಜು ಯಾಕೆ ಎಂದುಕೊಂಡಿದ್ದೆವು.

ಇಬ್ಬರೂ ಇಳಿದರು. ಸುಗುಣಮ್ಮ ಬಿಳಿ ಸೀರೆ ಉಟ್ಟಿದ್ದರು. ದಡದಿಂದ ನೋಡಿದರೆ ನೀರು ನಮ್ಮ ಎಡದಿಂದ ಬಲಕ್ಕೆ ಹರಿಯುತ್ತಿತ್ತು. ಸಮುವೇಲಪ್ಪನವರು ನನ್ನ ಕೈಯ ಚಿತ್ರವನ್ನೊಮ್ಮೆ ನೋಡಿ, ಹೆಂಡತಿಯ ಭುಜ ಹಿಡಿದು ತಿರುಗಿಸಿ ನಿಲ್ಲಿಸಿದರು. ಬಲಗಡೆಗೆ ತಲೆ, ಎಡಗಡೆಗೆ ಕಾಲು. ಚಿತ್ರದ ಥರಾನೇ ಬಂದಿತ್ತು.

ನನ್ನ ಮನಸ್ಸು ಈಗಲೂ ಇಲ್ಲೇ ಬಂದು ನಿಲ್ಲುತ್ತದೆ. ಪಾಠ ಮಾಡುತ್ತಿರುವಾಗ, ಊಟಕ್ಕೆ ಕುಳಿತಿರುವಾಗ, ಅವರಿಬ್ಬರನ್ನೂ ನೀರಿನಲ್ಲಿ ಹಾಗೇ ನಿಲ್ಲಿಸಿಕೊಂಡು ನೋಡುತ್ತೇನೆ. ಇನ್ನೂ ಏನೂ ಆಗಿಲ್ಲ. ಎದುರು ದಡದಿಂದ ಇಳಿದಿದ್ದರೆ ಚಿತ್ರವೂ ಹೊಳೆಯೂ ಸರಿಹೊಂದುತ್ತಿದ್ದವು. ಚಿತ್ರ ಬರೆದವನು ತಲೆಯನ್ನು ಎಡಕ್ಕೆ ಇಟ್ಟಿದ್ದರೂ ಸಾಕಿತ್ತು. ನೀರು ಬರುವ ಕಡೆಗೆ ತಲೆಯಿದ್ದರೆ ಮುಳುಗಿದವರನ್ನು ಹೊಳೆಯೇ ಹಿಂದಿನಿಂದ ಒತ್ತಿ ಎಬ್ಬಿಸಿ ನಿಲ್ಲಿಸುತ್ತದೆ. ನೀರು ಹೋಗುವ ಕಡೆಗೆ ತಲೆಯಿದ್ದರೆ ಕಾಲಿನಿಂದ ಎತ್ತಿಕೊಂಡು ಹೋಗುತ್ತದೆ. ಈಗ ಒಂದು ಮಗುವಿಗೂ ಹೇಳಬಲ್ಲೆ.

"ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ" ಎಂದು ಸಮುವೇಲಪ್ಪನವರು ಸ್ಪಷ್ಟವಾಗಿ ಹೇಳಿ ಹೆಂಡತಿಯನ್ನು ಹಿಂದಕ್ಕೆ ಇಳಿಸಿದರು. ಬಿಳಿ ಸೀರೆಯ ನೆರಿಗೆಯೊಳಕ್ಕೆ ನೀರು ನುಗ್ಗಿ ಅದು ಉಬ್ಬಿತು. ಆಕೆಯ ಪಾದಗಳು ಮೇಲೆ ಕಾಣಿಸಿಕೊಂಡವು. ನನಗೆ ಮೊದಲು ಕಂಡದ್ದು ಅದೇ, ಕಾಣಬಾರದ ಕಡೆ ಎರಡು ಪಾದಗಳು. ಆಮೇಲೆ ಆಕೆ ಗಂಡ ಹಿಡಿದಿದ್ದ ಕುತ್ತಿಗೆಯ ಸುತ್ತಲೇ ಬಾಗಿಲಿನಂತೆ ತಿರುಗಿ, ಅವರ ಕೈ ತಪ್ಪಿ ಹೋದರು. ಸಮುವೇಲಪ್ಪನವರು ಕಾಲು ಜಾರಿ ಕುತ್ತಿಗೆಮಟ್ಟ ಕುಸಿದು ಎರಡು ಕೈಯನ್ನೂ ಮೇಲೆತ್ತಿದರು. ಒಂದು ಕೈ ಬರಿದು. ಇನ್ನೊಂದರಲ್ಲಿ ಕರವಸ್ತ್ರ.

ಹೊಳೆಯ ಮೇಲೆ ಆಕೆ ಇರಲಿಲ್ಲ.

ಎಷ್ಟು ಹೊತ್ತು ಎಂದು ಕೇಳಬೇಡಿ. ನಾನು ಚಿತ್ರವನ್ನು ಎತ್ತಿ ಹಿಡಿದೇ ನಿಂತಿದ್ದೆ. ಬಾಯಿಂದ "ಬಲಕ್ಕೆ, ಬಲಕ್ಕೆ" ಎಂದು ಏನೋ ಹೊರಡುತ್ತಿತ್ತಂತೆ. ಕೂಗಿದ್ದು ಮಲ್ಲಿಪಟ್ಟಣದ ಹೆಂಗಸರು. ಅಡ್ಡ ಹಿಡಿದಿದ್ದ ಸೀರೆಯನ್ನು ಹಾಗೇ ಎಳೆದುಕೊಂಡು, ಒಬ್ಬರ ಸೊಂಟ ಒಬ್ಬರು ಹಿಡಿದು ನೀರಿಗೆ ನುಗ್ಗಿದ್ದರು.

"ಯವ್ವಾ! ಅಗಾ ಬಂದ್ಲು, ಅಗಾ! ಇಡ್ಕಳೇ ಸುಗುಣಾ! ಸ್ಯಾಲೆ ಇಡ್ಕಳೇ!"

"ಕೂದ್ಲಿಗೆ ಕೈ ಆಕೇ ಮರಿಯಮ್ಮ, ಕೂದ್ಲಿಗೆ!"

ಒಮ್ಮೆ ಕೈ ಕಂಡಿತು, ಹೋಯಿತು. ಮತ್ತೆ ಸೀರೆಯ ತುದಿಯಲ್ಲಿ ಕಂಡಿತು. ಎಳೆದು ಮರಳಿನ ಮೇಲೆ ಕವುಚಿ ಹಾಕಿದಾಗ ಆಕೆಯ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಮರಿಯಮ್ಮ ಎಂಬ ಮುದುಕಿ ಬೆನ್ನಮೇಲೆ ಗುದ್ದುತ್ತ ಬೈಯುತ್ತಿದ್ದಳು, ಸುಗುಣಮ್ಮನನ್ನಲ್ಲ, ಹೊಳೆಯನ್ನು. ಕೊನೆಗೆ ನೀರು ಕಾರಿಕೊಂಡು ಉಸಿರೆಳೆದ ಶಬ್ದ ಬಂತು. ಆ ಶಬ್ದದಷ್ಟು ಒರಟಾದದ್ದನ್ನೂ ಒಳ್ಳೆಯದನ್ನೂ ನಾನು ಕೇಳಿಲ್ಲ.

ಸಮುವೇಲಪ್ಪನವರನ್ನು ಯಾರು ದಡಕ್ಕೆ ತಂದರೋ ನಾನು ನೋಡಲಿಲ್ಲ. ಮರಳಿನ ಮೇಲೆ ಹೆಂಡತಿಯಿಂದ ಸ್ವಲ್ಪ ದೂರದಲ್ಲೇ ಕುಳಿತಿದ್ದರು. ಹತ್ತಿರ ಹೋಗಲಿಲ್ಲ. ನಾನು ಪಕ್ಕದಲ್ಲಿ ಕುಳಿತಾಗ ನನ್ನ ಕೈಯಲ್ಲಿದ್ದ ಚಿತ್ರವನ್ನು ಬಿಡಿಸಿಕೊಂಡು ಮೂಲೆಮೂಲೆ ನೋಡಿದರು.

"ಬಾಣ ಇಲ್ಲ ಮೇಷ್ಟ್ರೇ" ಎಂದರು. "ಇದರಲ್ಲಿ ಬಾಣಾನೇ ಇಲ್ಲ."

ಮನೆಗೆ ಬಂದು, ಸುಗುಣಮ್ಮನನ್ನು ಕಂಬಳಿಯೊಳಗೆ ಸುತ್ತಿ ಕೂರಿಸಿದ ಮೇಲೆ ಮೈಸೂರಿನ ಅಯ್ಯನವರು, ಈ ಸಲಕ್ಕೆ ತಾನು ಸಹಿ ಹಾಕಲಾರೆ, ಮನಸ್ಸು ಒಪ್ಪುತ್ತಿಲ್ಲ, ಮುಂದಿನ ವರ್ಷ ನೋಡೋಣ ಎಂದು ಮೆಲ್ಲಗೆ ಹೇಳಿದರು. ಸಮುವೇಲಪ್ಪನವರು ತಲೆ ತಗ್ಗಿಸಿ, "ಹೌದು ಅಯ್ಯನವರೇ, ಬೇಡ. ಯಾವತ್ತೂ ಬೇಡ" ಎಂದರು.

ಕಂಬಳಿಯೊಳಗಿಂದ ಧ್ವನಿ ಬಂತು. ಅದು ಆಕೆಯ ಧ್ವನಿ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಸೈನ್ ಹಾಕಿಬಿಡಿ ಅಯ್ಯನವರೇ."

"ಮಗಳೇ, ನೀನು ಈಗ ಮಾತಾಡಬೇಡ."

"ಮುಳುಗಿದೆನೋ ಇಲ್ವೋ? ಹೆಸರು ಹೇಳಿದ್ರೋ ಇಲ್ವೋ? ಎದ್ದು ಬಂದಿದೀನೋ ಇಲ್ವೋ?" ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಮುಂದಿನ ವರ್ಷ ಇವರು ಇನ್ನೊಬ್ಬರ ಹೆಂಡ್ತೀನ ಮುಳುಗಿಸಿ ಕಲಿಯೋದು ಬೇಡ. ಕಲಿತಾಯ್ತು. ಹಾಕಿ" ಎಂದರು.

ಅಯ್ಯನವರು ಸಹಿ ಹಾಕಿ ಸಂಜೆಯ ರೈಲಿಗೆ ಹೋದರು. ಸಮುವೇಲಪ್ಪನವರು ಸ್ಟೇಷನ್ನಿಗೆ ಕಳಿಸಲು ಬರಲಿಲ್ಲ, ನಾನೇ ಹೋದೆ.

ಸುಗುಣಮ್ಮನಿಗೆ ಜ್ವರ ಎದೆಗಿಳಿಯಿತು. ಹಾಸನದ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದರು. ಉಳಿದು ಬಂದರು, ಆದರೆ ಹಾಡು ಬರಲಿಲ್ಲ. ಧ್ವನಿ ಒಂದು ಮಟ್ಟಕ್ಕೆ ಏರುವಷ್ಟರಲ್ಲಿ ಒಡೆದುಹೋಗುತ್ತಿತ್ತು. ಈಗ ಅವರಿಗೆ ಸಭೆಯಲ್ಲಿ ಮುಂದಿನ ಸಾಲು ಸಿಕ್ಕಿತ್ತು, ರೊಟ್ಟಿ ದ್ರಾಕ್ಷಾರಸವೂ ಸಿಗುತ್ತಿತ್ತು. ಹಾಡುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು. ಡಿಗ್ರಿ ಅಂಚೆಯಲ್ಲಿ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. ನಾವು ಮೂವರೂ ಉಂಡೆವು. ತಿಮ್ಮಕ್ಕನಿಗೂ ಒಂದು ಲೋಟ ಕೊಟ್ಟೆವು. ನಾವು ಲೋಟದೊಳಗೇ ನೋಡುತ್ತ ಕುಳಿತಿದ್ದುದನ್ನು ಕಂಡು ಆಕೆ, "ಪಾಸಾದ ಮನೇನಾ ಇದು? ತಿಥಿ ಮನೆ ಇದ್ದಂಗದೆ" ಎಂದು ಲೋಟ ಕೆಳಗಿಟ್ಟು ಎದ್ದುಹೋದಳು.

ಅರವತ್ತರ ದಶಕದಲ್ಲಿ ನನಗೆ ಹಾಸನಕ್ಕೆ ವರ್ಗವಾಯಿತು. ಸಮುವೇಲಪ್ಪನವರು ಕೆಲಸ ಬಿಟ್ಟು, ಅಭಿಷೇಕ ಪಡೆದು, ಚನ್ನರಾಯಪಟ್ಟಣದ ಆಚೆ ದಂಡಿಗನಹಳ್ಳಿಯ ಕಡೆಯ ಒಂದು ಸಣ್ಣ ಸಭೆಗೆ ಅಯ್ಯನವರಾಗಿ ಹೋದರು. ಅಲ್ಲಿ ಯಾರಾದರೂ ಸತ್ತರೆ ಅಂದೇ ಮಣ್ಣುಮಾಡುತ್ತಿದ್ದರಂತೆ, ಪುಟ ಹಾರಿಸದೆ.

ಅಮ್ಮನನ್ನು ನೋಡಲು ಊರಿಗೆ ಹೋಗಿದ್ದಾಗ ಒಮ್ಮೆ ಅವರ ಮನೆಗೂ ಹೋದೆ. ಅಂದು ಒಬ್ಬ ಹುಡುಗಿಗೆ ದೀಕ್ಷಾಸ್ನಾನವಿತ್ತು. ಗೊತ್ತಿದ್ದರೆ ನಾನು ಆ ದಿನ ಹೋಗುತ್ತಲೇ ಇರಲಿಲ್ಲ. ತಪ್ಪಿಸಿಕೊಳ್ಳಲಾಗದೆ ಅವರ ಜೊತೆ ಕೆರೆಯ ಹತ್ತಿರ ನಡೆದೆ. ಕೆರೆಯ ನೀರು ಹರಿಯುವುದಿಲ್ಲ, ಇಲ್ಲಿ ಯಾವ ಕಡೆಗೆ ತಲೆಯಿದ್ದರೂ ಒಂದೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಸಮುವೇಲಪ್ಪನವರು ಇಳಿಯುವ ಮೊದಲೇ ಸುಗುಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗೆ ಇಳಿದರು.

"ನೀವ್ಯಾಕೆ ತಾಯಿ?" ಎಂದೆ. "ಈಜು ಕಲಿತಿರಾ?"

"ಎಲ್ಲಿ ಕಲೀಲಿ ಮೇಷ್ಟ್ರೇ?" ಅವರು ತಿರುಗಿ ನೋಡದೆ ಹೇಳಿದರು. "ತಲೆ ಬರೋ ಕಡೆ ಯಾರಾದ್ರೂ ಒಬ್ರು ನಿಂತಿರ್ಬೇಕಲ್ಲ. ಪ್ರತಿ ಸಲಾನೂ ನಾನೇ ನಿಲ್ತೀನಿ."

ಎದೆಮಟ್ಟದ ನೀರಿನಲ್ಲಿ ಹೋಗಿ ನಿಂತರು. ಹೆದರಿಕೆಯಿಂದ ಅವರ ಮುಖ ಮತ್ತೆ ಬೂದಿ ಬಣ್ಣಕ್ಕೆ ತಿರುಗಿತ್ತು. ಎರಡು ಕೈಗಳನ್ನೂ ನೀರಿನೊಳಗೆ, ತೊಟ್ಟಿಲು ಹಿಡಿಯುವಂತೆ ಚಾಚಿದರು. ಸಮುವೇಲಪ್ಪನವರು ಹುಡುಗಿಯನ್ನು ಕರೆದುಕೊಂಡು ಬಂದು, ಮೊದಲು ಹೆಂಡತಿ ನಿಂತ ಜಾಗ ನೋಡಿಕೊಂಡು, ಆಮೇಲೆ ಆಕಾಶಕ್ಕೆ ಕೈಯೆತ್ತಿದರು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಹುಡುಗಿ ಎದ್ದು ನಿಂತು, ಮೂಗಿನಿಂದ ನೀರು ಸೀನಿ, ನಗುತ್ತ ದಡದ ಕಡೆಗೆ ನಡೆಯುತ್ತಿದ್ದಳು.

ಸುಗುಣಮ್ಮನ ಕೈಗಳು ಇನ್ನೂ ನೀರಿನೊಳಗೆ ಚಾಚಿಕೊಂಡೇ ಇದ್ದವು.

"ಮುಗೀತು, ಬಾ" ಎಂದರು ಸಮುವೇಲಪ್ಪನವರು.

"ಬರ್ತೀನಿ" ಎಂದರು ಅವರು. "ನೀವು ಮೊದಲು ದಡ ಹತ್ತಿ."